ಹೋಲಿಕೆಗೊಂದು ಆಡು

ತುಳಜಕ್ಕ ನೀಲಿ ಹಾಕಿಸುತ್ತಾಳಂತೆ ಎಂಬ ಸುದ್ದಿ ನನಗೆ ಅವಳ ಖಾನಾವಳಿಯಲ್ಲೇ ಸಿಕ್ಕಿತು. ಹೇಳಿದವನು ಎದುರಿಗೆ ಉಣ್ಣುತ್ತಿದ್ದ ಗಡಿಯಾರ ರಿಪೇರಿಯ ಮಾನಪ್ಪ. "ಪೇಪರಿನವರ, ನಿಮಗ ಇನ್ನೂ ಗೊತ್ತಾಗಿಲ್ಲೇನ್ರಿ? ಅಕ್ಕಾರು ನೀಲಿ ಹಾಕ್ಸ್ತಾರಂತ" ಎಂದ. ಯಾರ ಮೇಲೆ ಎಂದು ಕೇಳಿದೆ. ಅವನು ರೊಟ್ಟಿ ಹಿಡಿದ ಕೈಯಿಂದಲೇ ಗಲ್ಲಾದ ಕಡೆ ತೋರಿಸಿದ. ಅಲ್ಲಿ ತುಳಜಕ್ಕನ ಅಣ್ಣ ದುಂಡಪ್ಪ ಹಲ್ಲು ಚುಚ್ಚಿಕೊಳ್ಳುತ್ತ ಕೂತಿದ್ದ. "ಕೈ ಇಳಸ್ರಿ, ನೋಡಿದ್ರ ನಾಳಿಂದ ಪಲ್ಯಾದಾಗ ಎಣ್ಣಿ ಹಾಕೂದಿಲ್ಲ" ಎಂದೆ. "ಈಗರ ಎಲ್ಲಿ ಹಾಕ್ತಾನ್ರಿ" ಎಂದು ಮಾನಪ್ಪ ಬದನೆಕಾಯಿ ಬಾಯಿಗಿಟ್ಟುಕೊಂಡ.

ನಮ್ಮ ಊರಿನಲ್ಲಿ ಮಗು ಹುಟ್ಟಿದ ದಿನ ಯಾವುದಾದರೂ ಕೊಟ್ಟಿಗೆಯಲ್ಲಿ ಒಂದು ಆಡಿನ ಮರಿಯೂ ಹುಟ್ಟುತ್ತದೆ. ಅದನ್ನು ತಂದು ಮಗುವಿನ ಮನೆಯಲ್ಲಿ ಕಟ್ಟುತ್ತಾರೆ. ಅದಕ್ಕೆ ಜೋಡಿ ಎಂದು ಹೆಸರು. ಮನುಷ್ಯ ಇರುವವರೆಗೂ ಜೋಡಿ ಇರುತ್ತದೆ. ಇನ್ನೊಬ್ಬರಿಂದ ಮನುಷ್ಯನಿಗಾದ ನೋವು ಜೋಡಿಯ ರಕ್ತನಾಳಗಳ ಒಳಪದರದಲ್ಲಿ ಏಳುತ್ತದೆ. ನ್ಯಾಯ ಬೇಕಾದವರು ಜೋಡಿಯನ್ನು ಅಳತೆಮನೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಅದರ ಕಿವಿಯ ನಾಳಕ್ಕೆ ನೀಲಿ ಬಣ್ಣ ಚುಚ್ಚಿ, ಬಣ್ಣ ಮೈತುಂಬ ಹರಿದ ಮೇಲೆ ಕೊಯ್ದು, ಹೃದಯದಿಂದ ಹೊರಡುವ ದೊಡ್ಡ ನಾಳವನ್ನು ಉಪ್ಪುನೀರಿನಲ್ಲಿ ತೊಳೆಯುತ್ತಾರೆ. ಆಮೇಲೆ ಅದನ್ನು ಉದ್ದಕ್ಕೆ ಸೀಳಿ ಮೇಣದ ಹಲಗೆಯ ಮೇಲೆ ಗುಂಡುಸೂಜಿಯಿಂದ ಹರಡುತ್ತಾರೆ. ಒಳಪದರ ಸರಿಯಿರುವ ಕಡೆ ನಾಳ ಬೆಳ್ಳಗಿರುತ್ತದೆ, ಕಿತ್ತುಹೋದ ಕಡೆ ನೀಲಿ ಹಿಡಿದಿರುತ್ತದೆ. ಮೇಲೆ ಚೌಕಳಿಯ ಗಾಜು ಇಟ್ಟು ನೀಲಿಯ ಪಾಲು ಎಷ್ಟೆಂದು ಅಳೆಯುತ್ತಾರೆ. ಅದು ಮೂರರಲ್ಲಿ ಒಂದು ಪಾಲು ಮುಟ್ಟಿದರೆ ದೂರು ಕೊಟ್ಟವರು ಕೇಳಿದ್ದನ್ನು ಪಂಚರು ಕೊಡಿಸುತ್ತಾರೆ. ಮುಟ್ಟದಿದ್ದರೆ ಇಲ್ಲ. ಆಡಂತೂ ಎರಡು ರೀತಿಯಲ್ಲೂ ಹೋಗುತ್ತದೆ.

ಹೀಗಾಗಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ದೂರು. ಜಗಳದಲ್ಲಿ ಜನ "ನನ್ನ ಜೋಡಿ ಇನ್ನೂ ಗೂಟಕ್ಕ ಐತಿ, ನೆನಪಿಟ್ಕೊ" ಎನ್ನುತ್ತಾರೆ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಜೋಡಿ ಇದೆಯೇ ಎಂದು ಗಂಡಿನವರು ಮೊದಲು ಕೇಳುತ್ತಾರೆ. ಇಲ್ಲದಿದ್ದರೆ ಅವರಿಗೆ ಖುಷಿ. ಜೋಡಿ ಕಳೆದುಕೊಂಡವರನ್ನು ಹಗ್ಗ ಬಿಚ್ಚಿದವರು ಎನ್ನುತ್ತಾರೆ. ಅಂಗಡಿಯವರು ಅವರಿಗೆ ತೂಕ ಕಡಿಮೆ ಹಾಕುತ್ತಾರೆ, ನಳದ ಸಾಲಿನಲ್ಲಿ ಅವರ ಕೊಡವನ್ನು ಹಿಂದಕ್ಕೆ ಸರಿಸುತ್ತಾರೆ. ಇದರಲ್ಲಿ ದ್ವೇಷವೇನೂ ಇರುವುದಿಲ್ಲ. ಬಾಗಿಲಿಲ್ಲದ ಮನೆಗೆ ನಾಯಿ ನುಗ್ಗಿದಂತೆ, ಅಷ್ಟೇ. ಆದ್ದರಿಂದ ಎಲ್ಲರೂ ಇದ್ದ ಒಂದು ದೂರನ್ನು ಮುಂದೆ ಬರಬಹುದಾದ ಇನ್ನೂ ದೊಡ್ಡ ನೋವಿಗೆಂದು ಉಳಿಸಿಟ್ಟುಕೊಳ್ಳುತ್ತಾರೆ. ಹೆಚ್ಚಿನವರು ಅದನ್ನು ಬಳಸದೆ ಸಾಯುತ್ತಾರೆ, ಅದೇ ದಿನ ಹಿತ್ತಲಲ್ಲಿ ಆಡೂ ಸಾಯುತ್ತದೆ.

ನಾನು ಊರಿನ ವಾರಪತ್ರಿಕೆಯ ವರದಿಗಾರ. ಅಳತೆಗೆ ಎರಡೂ ಪಕ್ಷಕ್ಕೆ ಸೇರದ ಒಬ್ಬ ಸಾಕ್ಷಿ ಇರಬೇಕು ಎಂಬ ನಿಯಮವಿದೆ. ಬಹಳ ವರ್ಷಗಳಿಂದ ಆ ಸಾಕ್ಷಿ ನಾನೇ. ದೂರು ಯಾರದು, ಯಾರ ಮೇಲೆ, ಕೇಳಿದ್ದೇನು, ನೀಲಿ ಎಷ್ಟು, ಇಷ್ಟನ್ನು ಮೂರನೆಯ ಪುಟದಲ್ಲಿ ಹಾಕುತ್ತೇವೆ. ವಿಶೇಷಣ ಬಳಸುವುದಿಲ್ಲ. "ಪಾಪ" ಎಂಬ ಶಬ್ದವನ್ನು ನಮ್ಮ ಸಂಪಾದಕ ವಾಮನರಾಯರು ಎಲ್ಲಿ ಕಂಡರೂ ಹೊಡೆದುಹಾಕುತ್ತಾರೆ.

ತುಳಜಕ್ಕನ ಸಂಗತಿ ಊರಿಗೆ ಗೊತ್ತಿದ್ದದ್ದೇ. ದುಂಡಪ್ಪನ ಮೊದಲ ಅಂಗಡಿ ಮುಳುಗಿದಾಗ ಮನೆಯ ಪಡಸಾಲೆಯಲ್ಲಿ ಒಲೆ ಹೂಡಿ ರೊಟ್ಟಿ ಬಡಿಯಲು ಕೂತವಳು ಅವಳು. ಆಗ ಅವಳಿನ್ನೂ ಹುಡುಗಿ. ಖಾನಾವಳಿ ನಡೆಯತೊಡಗಿತು. ಅವಳನ್ನು ನೋಡಲು ಗಂಡಿನವರು ಬಂದರು. ತಂಗಿ ಹೋದರೆ ಒಲೆ ಆರುತ್ತದೆ ಎಂದು ದುಂಡಪ್ಪ ಅವರನ್ನು ಅಂಗಳದಲ್ಲೇ ಪಕ್ಕಕ್ಕೆ ಕರೆದು, ಹುಡುಗಿಗೆ ಮೂರ್ಛೆರೋಗ ಇದೆ ಎಂದು ಹೇಳಿದ. ಎರಡನೆಯ ಸಲ ಬಂದವರಿಗೂ ಅದನ್ನೇ ಹೇಳಿದ. ಆ ಸಲ ಅವಳು ಬಾಗಿಲ ಹಿಂದೆ ನಿಂತಿದ್ದಳು. ಅವಳಿಗೆ ಮೂರ್ಛೆ ಯಾವತ್ತೂ ಬಂದಿರಲಿಲ್ಲ. ಆಮೇಲೆ ಯಾರೂ ನೋಡಲು ಬರಲಿಲ್ಲ. ಇದಾಗಿ ಮೂವತ್ತು ವರ್ಷ. ಈಗ ದುಂಡಪ್ಪ ಖಾನಾವಳಿಯನ್ನು ಅಳಿಯ ಮುರಿಗೆಪ್ಪನಿಗೆ ವಹಿಸುತ್ತಿದ್ದ. ಅಳಿಯ ಗ್ಯಾಸಿನ ಒಲೆ ಇಡಿಸಿ, ಪಗಾರದ ಅಡುಗೆಯವರನ್ನು ತರುವವನಿದ್ದ. ತುಳಜಕ್ಕ ಬೇರೆ ಊರಿನಲ್ಲಿರುವ ಚಿಕ್ಕಪ್ಪನ ಮಗನ ಮನೆಗೆ ಹೋಗಿ ಇರಬೇಕು ಎಂದು ಅವಳನ್ನು ಕೇಳದೆ ತೀರ್ಮಾನವಾಗಿತ್ತು.

ಊಟ ಮುಗಿಸಿ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ತುಳಜಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತನ್ನ ಜೋಡಿಗೆ ಒಣರೊಟ್ಟಿಯ ಚೂರು ತಿನ್ನಿಸುತ್ತಿದ್ದಳು. ಕಂದು ಬಣ್ಣದ ಮುದಿ ಆಡು, ಒಂದು ಕೋಡು ಮುರಿದಿತ್ತು.

"ಬಾ ತಮ್ಮಾ. ಮಾನಪ್ಪ ಊದಿದ್ನೇನು? ಅಂವಗ ಗಡಿಯಾರಕ್ಕಿಂತ ನಾಲಿಗಿ ಜೋರ ಓಡತೈತಿ."

"ಪಂಚರ ಮುಂದ ಏನ್ ಕೇಳ್ತೀರಿ ಅಕ್ಕಾರ?"

"ಒಲಿ. ಗಲ್ಲಾ ಬ್ಯಾಡ, ಮನಿ ಬ್ಯಾಡ. ನಾ ಇರೂತನಕ ಆ ಒಲಿ ಮುಂದ ನನ್ನ ಬಿಟ್ಟು ಯಾರೂ ಕೂಡಬಾರದು. ಅಷ್ಟ ಕೇಳ್ತೀನಿ."

ನನಗೆ ಗೊತ್ತಿದ್ದದ್ದನ್ನು ಹೇಳದೆ ಇರಲಾಗಲಿಲ್ಲ. ಇಷ್ಟು ವರ್ಷ ಮೇಣದ ಹಲಗೆಯ ಪಕ್ಕ ನಿಂತವನಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಹೊಸ ನೋವಿಗೆ ನೀಲಿ ಬರುತ್ತದೆ, ಹಳೆಯದಕ್ಕೆ ಬರುವುದಿಲ್ಲ. ಜೀವನವಿಡೀ ಸಹಿಸಿ ಕೊನೆಗೆ ಆಡು ತಂದವರ ನಾಳಗಳು ಬೆಳ್ಳಗೆ ಹೊಳೆಯುವುದನ್ನು ನಾನು ಎಷ್ಟೋ ಸಲ ವರದಿ ಮಾಡಿದ್ದೆ.

"ಅಕ್ಕಾರ, ಆ ಒಳಪದರ ಮತ್ತ ಬೆಳೀತೈತಿ. ಬೆಳದ ಮ್ಯಾಲ ಬಣ್ಣ ಹಿಡಿಯೂದಿಲ್ಲ. ನಿಮ್ಮದು ಮೂವತ್ತು ವರ್ಷದ್ದು."

"ಬೆಳೀತೈತಿ ಅಂದ್ರ? ವಾಸಿ ಆಗೇತಿ ಅಂತೇನು?"

"ನೋಡಾಕ ಹಂಗ ಕಾಣ್ತೈತಿ."

"ಯಾರಿಗೆ ಕಾಣ್ತೈತಿ?" ಎಂದಳು ಅವಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲು ಕೇಳಿದಂತೆ ಕೇಳಿದಳು. ಅದಕ್ಕೆ ಉತ್ತರ ಹೇಳಬಲ್ಲವರು ಅಳತೆಮನೆಯ ಡಾಕ್ಟರ್ ನಸೀಮಾ ಒಬ್ಬರೇ ಎಂದು ಮರುದಿನ ಅವಳನ್ನು ಅಲ್ಲಿಗೆ ಕರೆದೊಯ್ದೆ.

ನಸೀಮಾ ಪಶುವೈದ್ಯೆ. ಹೊರಗೆ ಓದಿ ಬಂದು ಅಳತೆಮನೆ ಸೇರಿದವರು. ನೀಲಿಯ ಅಳತೆ ಅವರಿಗೆ ತೃಪ್ತಿ ಕೊಟ್ಟಿರಲಿಲ್ಲ. ಅವರು ತುಳಜಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಸಣ್ಣ ಕೊಕ್ಕೆಗಳ ನಡುವೆ ರಬ್ಬರಿನ ಬಳೆಯೊಂದನ್ನು ಸಿಕ್ಕಿಸಿ ತೋರಿಸಿದರು. "ನೀಲಿ ಬಣ್ಣ ಕಿತ್ತುಹೋದ ಜಾಗ ಅಷ್ಟ ತೋರಸ್ತೈತಿ ಅಕ್ಕಾರ. ಪದರ ಐತೋ ಇಲ್ಲೋ, ಅಷ್ಟ. ಇದ್ದದ್ದು ಕೆಲಸ ಮಾಡ್ತೈತೋ ಇಲ್ಲೋ ಅದಕ್ಕ ತಿಳಿಯೂದಿಲ್ಲ. ಅದಕ್ಕ ಇನ್ನೊಂದು ದಾರಿ ಐತಿ. ನಾಳದಿಂದ ಒಂದು ಬಳಿ ಹಂಗ ಕತ್ತರಿಸಿ, ಬೆಚ್ಚಗಿನ ಉಪ್ಪುನೀರಿನ್ಯಾಗ ಹಿಂಗ ತೂಗಬಿಡ್ತೀವಿ. ಮೊದಲ ಬಿಗಿ ಮಾಡೂ ಔಷಧ ಹಾಕ್ತೀವಿ, ಬಳಿ ಬಿಗೀತೈತಿ. ಆಮ್ಯಾಲ ಎರಡನೇ ಔಷಧ. ಅದು ಒಳಪದರಕ್ಕ ಮುಟ್ಟಿದ ಕೂಡ್ಲೆ, ಪದರ ಮಾಂಸಕ್ಕ ಸಡ್ಲ ಆಗು ಅಂತ ಹೇಳ್ತೈತಿ. ಬಳಿ ಸಡ್ಲ ಆಗತೈತಿ. ಒಮ್ಮಿ ಕಿತ್ತುಹೋಗಿ ಮತ್ತ ಬೆಳದ ಪದರ ಭಾಳ ಸಲ ಹೇಳೂದಿಲ್ಲ. ಇರ್ತೈತಿ, ಬೆಳ್ಳಗ ಇರ್ತೈತಿ, ಸುಮ್ಮನ ಇರ್ತೈತಿ."

ತುಳಜಕ್ಕ ರಬ್ಬರ್ ಬಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇದನ್ನ ಪಂಚರು ಒಪ್ಪತಾರೇನ್ರಿ ಡಾಕ್ಟರಬಾಯಿ?"

"ಇಲ್ಲೀತನಕ ಯಾರೂ ಕೇಳಿಲ್ಲ."

ಕೇಳಿದೆವು. ಪಂಚರ ಹಿರಿಯ ಬಸಲಿಂಗಯ್ಯನವರು ಕೆಟ್ಟವರಲ್ಲ, ಅವಸರದವರೂ ಅಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಒಂದು ಷರತ್ತು ಹಾಕಿದರು. "ಒಂದ ಬಳಿ ನೋಡಿ ನಮಗೇನ್ ತಿಳೀತೈತಿ ಡಾಕ್ಟರ? ನೋವಿಲ್ಲದ ಆಡಿಂದೂ ಒಂದು ಬಳಿ ಬಾಜೂಕ ಕಟ್ಟಿ ತೋರಸ್ರಿ. ಅದು ಸಡ್ಲ ಆಗಬೇಕು, ಇದು ಆಗಬಾರದು. ಆಗ ವಿಚಾರ ಮಾಡೂಣು." ಇದು ನ್ಯಾಯವಾದ ಮಾತು ಎಂದು ನಸೀಮಾ ಅಲ್ಲೇ ಒಪ್ಪಿದರು.

ಅಳತೆಯ ದಿನ ಆಡನ್ನು ಎಳೆದು ತರುವಂತಿಲ್ಲ, ಹೊತ್ತು ತರುವಂತಿಲ್ಲ. ಹೆದರಿದ ಆಡಿನ ಒಳಪದರ ಹೆದರಿಕೆಯಿಂದಲೇ ಕಿತ್ತುಬರುತ್ತದೆ, ಲೆಕ್ಕ ಕೆಡುತ್ತದೆ. ಅದು ತನ್ನವರ ಹಿಂದೆ ತಾನಾಗಿ ನಡೆದು ಬರಬೇಕು. ಆದ್ದರಿಂದ ದೂರು ಕೊಡುವವರು ದಾರಿಯುದ್ದಕ್ಕೂ ಅದನ್ನು ಸಮಾಧಾನ ಮಾಡುತ್ತ, ನಗುತ್ತ ಬರಬೇಕು. ತುಳಜಕ್ಕ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಳು. ಬಜಾರಿನಲ್ಲಿ ಜನ ಬದಿಗೆ ಸರಿದು ದಾರಿ ಬಿಟ್ಟರು. ಅಳತೆಮನೆಯ ಮೆಟ್ಟಿಲ ಬಳಿ ಆಡು ನಿಂತಾಗ, "ಬಾ ನಮ್ಮವ್ವ, ಇಲ್ಲೂ ನಮ್ಮವರ ಅದಾರ" ಎಂದಳು. ಅದು ಹತ್ತಿತು.

ಕಿವಿಗೆ ಬಣ್ಣ ಚುಚ್ಚಿದ ಮೇಲೆ ಅರ್ಧ ತಾಸು ಕಾಯಬೇಕು. ಅಷ್ಟರಲ್ಲಿ ಆಡಿನ ಒಸಡು, ಕಣ್ಣಿನ ಬಿಳಿ, ಮೂಗಿನ ತುದಿ ಎಲ್ಲ ನೀಲಿಯಾಗುತ್ತವೆ. ಆಡಿಗೆ ಅದು ತಿಳಿಯುವುದಿಲ್ಲ. ಅದು ಮೆಲುಕು ಹಾಕುತ್ತಲೇ ಇತ್ತು. ತುಳಜಕ್ಕ ಅದರ ಮುಖವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಟುಕರ ಹುಸೇನಸಾಬರು ಹೊರಗೆ ಬೀಡಿ ಸೇದಿ ಬಂದು, "ಬಿಡ್ರಿ ಅಕ್ಕಾರ" ಎಂದರು. ಅವಳು ಬಿಟ್ಟಳು.

ನಾಳ ಹಲಗೆಗೆ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಕವಲೊಡೆಯುವ ಬಾಯಿಗಳ ಸುತ್ತ ಒಂದಿಷ್ಟು ನೀಲಿ, ಕೆಳಗೆ ಒಂದು ತೆಳು ಗೀರು. ಅದು ಇತ್ತೀಚಿನದು, ಅಳಿಯನ ತೀರ್ಮಾನ ಕಿವಿಗೆ ಬಿದ್ದ ಮೇಲಿನದು ಇರಬೇಕು. ಉಳಿದದ್ದೆಲ್ಲ ಬಿಳಿ. ನೀಲಿ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ದುಂಡಪ್ಪ ಕುತ್ತಿಗೆ ಚಾಚಿ ನೋಡಿ ಹಿಂದಕ್ಕೆ ಒರಗಿ ಕೂತ.

ನಸೀಮಾ ನಾಳದ ಸೀಳದೆ ಇಟ್ಟಿದ್ದ ತುದಿಯಿಂದ ಬಳೆ ಕತ್ತರಿಸಿ ನೀರಿನ ಗಾಜಿನಲ್ಲಿ ತೂಗುಬಿಟ್ಟರು. ಪಕ್ಕದ ಗಾಜಿನಲ್ಲಿ ಸಂತೆಯಿಂದ ಕೊಂಡು ತಂದ ಆಡಿನ ಬಳೆ. ಕೊಕ್ಕೆಗೆ ಕಟ್ಟಿದ ಕಡ್ಡಿ, ಮಸಿ ಹಿಡಿಸಿದ, ತಿರುಗುವ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಬಿಗಿಯುವ ಔಷಧಕ್ಕೆ ಎರಡು ಗೆರೆಗಳೂ ಏರಿದವು. ಸಡಿಲಿಸುವ ಔಷಧ ಹಾಕಿದಾಗ ಸಂತೆ ಆಡಿನ ಗೆರೆ ಇಳಿಜಾರಿನಲ್ಲಿ ಬಿಟ್ಟ ಗಾಲಿಯಂತೆ ಕೆಳಗೆ ಬಂತು. ತುಳಜಕ್ಕನದು ಮೇಲೆಯೇ ನಿಂತಿತು. ಅದು ಎಷ್ಟು ಹೊತ್ತು ಹೋದರೂ ಇಳಿಯಲಿಲ್ಲ. ಕೊನೆಗೆ ನಸೀಮಾ ಮೂರನೆಯ ಔಷಧ ಹಾಕಿದರು. ಅದು ಒಳಪದರವನ್ನು ಬಿಟ್ಟು ನೇರವಾಗಿ ಮಾಂಸವನ್ನು ಸಡಿಲಿಸುವಂಥದ್ದು. ಗೆರೆ ಇಳಿಯಿತು. "ಮಾಂಸ ಸರಿ ಐತಿ. ಸಡ್ಲ ಆಗಾಕ ಬರತೈತಿ. ಪದರ ಹೇಳವಲ್ದು" ಎಂದರು. ಸಭೆಯಲ್ಲಿ ಗುಜುಗುಜು ಎದ್ದಿತು. ಬಸಲಿಂಗಯ್ಯನವರು ಕನ್ನಡಕ ಒರೆಸಿಕೊಂಡು ಕಾಗದದ ಹತ್ತಿರ ಬಂದರು.

ಆಗ ಮುರಿಗೆಪ್ಪ ಎದ್ದು ನಿಂತ. ಅವನು ಓದಿದವನು, ಮಾತಿನಲ್ಲಿ ಸಭ್ಯ. "ಅಜ್ಜಾರ, ಒಂದು ಸಂಶಯ. ಸಂತಿ ಆಡಿಗೆ ಮನುಷ್ಯಾ ಇಲ್ಲ. ನಮ್ಮತ್ತೀದು ಜೋಡಿ ಆಡು, ಐವತ್ತು ದಾಟಿದ್ದು. ಇವೆರಡನ್ನ ಹೋಲಸ್ತಾರಲ್ಲ, ಇದು ಎತ್ತು ಮತ್ತ ಎಮ್ಮಿ ಹೂಡಿಧಂಗ ಆಗೂದಿಲ್ಲೇನ್ರಿ? ಜೋಡಿ ಆಡಿನ ಬಳಿ ಹುಟ್ಟಿದಾಗಿಂದ ಹಿಂಗ ಇರಬಹುದು. ಯಾರು ಕಂಡಾರ?"

ಎಲ್ಲರೂ ನಸೀಮಾರ ಕಡೆ ನೋಡಿದರು. ಅವರು ಕಾಗದದ ಎರಡು ಗೆರೆಗಳನ್ನೂ ಇನ್ನೊಮ್ಮೆ ನೋಡಿ, "ಅವರು ಹೇಳೂದು ಬರೋಬ್ಬರಿ ಐತ್ರಿ" ಎಂದರು. ಹೋಲಿಸುವ ಎರಡರಲ್ಲಿ ಒಂದೇ ವ್ಯತ್ಯಾಸ ಇರಬೇಕು. ಬೇಕಾಗಿದ್ದದ್ದು ವಯಸ್ಸಾದ ಇನ್ನೊಂದು ಜೋಡಿ ಆಡು, ಯಾರಿಂದಲೂ ನೋವಾಗದ ಮನುಷ್ಯನದು. ಬಸಲಿಂಗಯ್ಯನವರು ಸಭೆಯನ್ನು ಕೇಳಿದರು. ಬೆಂಚುಗಳು ತುಂಬಿದ್ದವು. ತುಳಜಕ್ಕನ ಕೈ ರೊಟ್ಟಿ ತಿಂದ ಬಾಯಿಗಳೇ ಎಲ್ಲವೂ. ಮಾನಪ್ಪ ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದ. ತುಳಜಕ್ಕ ಯಾರ ಮುಖವನ್ನೂ ನೋಡಲಿಲ್ಲ, ಕೇಳುವುದು ಅವಳ ಸ್ವಭಾವವಲ್ಲ. ಐಸಿನಲ್ಲಿಟ್ಟ ಬಳೆ ಮರುದಿನದವರೆಗೆ ಮಾತ್ರ ಜೀವ ಹಿಡಿಯುತ್ತದೆ, ಅಷ್ಟರಲ್ಲಿ ಯಾರಾದರೂ ಬಂದರೆ ನೋಡೋಣ ಎಂದು ಪಂಚರು ಎದ್ದರು.

ಮನೆಗೆ ಬಂದು ನಾನು ಸಮಾಧಾನವಾಗಿ ಯೋಚಿಸಿದೆ. ನನಗೆ ಐವತ್ತು ಸಮೀಪಿಸಿತ್ತು. ಯಾರ ಮೇಲೂ ದೂರಿರಲಿಲ್ಲ. ಜಗಳದಲ್ಲಿ ನನ್ನ ಜೋಡಿಯ ಹೆಸರು ಎತ್ತಿ ಯಾರನ್ನೂ ಹೆದರಿಸಿದ ನೆನಪಿರಲಿಲ್ಲ, ಜಗಳವಾಡಿದ ನೆನಪೇ ಇರಲಿಲ್ಲ. ಹಗ್ಗ ಬಿಚ್ಚಿದವರ ಪಾಡು ಗೊತ್ತಿತ್ತು. ಒಂಟಿ ಮನುಷ್ಯನಿಗೆ ಬೇಳೆ ಸ್ವಲ್ಪ ಕಡಿಮೆ ಬಿದ್ದರೆ ನಡೆಯುತ್ತದೆ ಅನ್ನಿಸಿತು. ಇಡೀ ಊರಿನಲ್ಲಿ ಈ ಕೆಲಸಕ್ಕೆ ನನಗಿಂತ ತಕ್ಕ ಮನುಷ್ಯ ಸಿಗಲಾರ ಎಂಬ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಬೆಳಿಗ್ಗೆ ನನ್ನ ಆಡನ್ನು ಬಿಚ್ಚಿದೆ. ಅದು ಕರೆಯದೆಯೇ ಹಿಂದೆ ಬಂತು. ಸಾಕ್ಷಿಯೇ ಆಡು ತಂದದ್ದರಿಂದ ಸಾಕ್ಷಿಯ ಜಾಗಕ್ಕೆ ವಾಮನರಾಯರು ಬರಬೇಕಾಯಿತು. ಅವರು ನನ್ನನ್ನು ಮೆಟ್ಟಿಲ ಬಳಿ ತಡೆದು, "ಶ್ರೀಪತಿ, ನಿನಗ ಬುದ್ಧಿ ಐತೇನು? ನಾಳೆ ನಾನ ನಿನ್ನ ಪಗಾರ ಹಿಡದ್ರ ಎಲ್ಲಿ ಹೋಗಿ ಅಳ್ತಿ?" ಎಂದರು. ತಮಾಷೆಗೆ ಹೇಳಿದರು ಎಂದುಕೊಂಡೆ. ತುಳಜಕ್ಕ ಎದ್ದು ಬಂದು ಆಡಿಗೆ ಅಡ್ಡ ನಿಂತಳು.

"ಬ್ಯಾಡ ತಮ್ಮಾ. ನಂದು ಹೋತು, ಹೋಗ್ಲಿ. ನಿಂದ್ಯಾಕ?"

"ನನಗ ಯಾರ ಮ್ಯಾಲೂ ದೂರಿಲ್ರಿ ಅಕ್ಕಾರ. ಅದು ಸುಮ್ಮನ ನಿಂತ ತಿಂತೈತಿ."

"ಏನ್ ತಿಂತೈತಿ ಇದು? ರೊಟ್ಟಿ ತಿಂತೈತೇನು?"

ನನಗೆ ಗೊತ್ತಿರಲಿಲ್ಲ. ಮೇವು ಹಾಕುತ್ತಿದ್ದೆ, ಅದು ತಿನ್ನುತ್ತಿತ್ತು. ತುಳಜಕ್ಕ ಸೆರಗಿನಿಂದ ಒಂದು ಚೂರು ತೆಗೆದು ಹಿಡಿದಳು. ಆಡು ಮೂಸಿ, ತಿಂದು, ಇನ್ನೊಂದಕ್ಕೆ ಅವಳ ಕೈಗೆ ಮೂತಿ ಒತ್ತಿತು. ಬಣ್ಣ ಹರಿಯುವಷ್ಟು ಹೊತ್ತೂ ಅವಳೇ ಅದರ ಬಳಿ ಕೂತಿದ್ದಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ.

ನನ್ನ ಆಡಿನ ನಾಳ ಹಲಗೆಯ ಮೇಲೆ ಹಾಲಿನ ಕೆನೆಯಂತೆ ಬಿಚ್ಚಿಕೊಂಡಿತು. ಕವಲಿನ ಬಾಯಿಗಳಲ್ಲಿ ಎಲ್ಲ ಪ್ರಾಣಿಗಳಿಗೂ ಇರುವ ಒಂದೆರಡು ಚುಕ್ಕೆ ಬಿಟ್ಟರೆ ನೀಲಿಯೇ ಇಲ್ಲ. ಬಸಲಿಂಗಯ್ಯನವರು ಚೌಕಳಿ ಗಾಜನ್ನು ಎರಡು ಸಲ ಇಟ್ಟು ನೋಡಿ, "ಪುಣ್ಯವಂತರು ನೋಡ್ರಿ ನೀವು" ಎಂದರು. ನಾನು ನೋವಿಲ್ಲದ ಮನುಷ್ಯ ಎಂದು ಊರಿನ ಅಳತೆಯ ಪ್ರಕಾರವೇ ಸಾಬೀತಾಗಿತ್ತು. ಮುರಿಗೆಪ್ಪ ಮಾವನ ಕಿವಿಯಲ್ಲಿ ಏನೋ ಹೇಳಿದ. ದುಂಡಪ್ಪನ ಮುಖ ಇಳಿದಿತ್ತು. ಬೆಳಗಿನಿಂದ ಮೊದಲ ಸಲ ತುಳಜಕ್ಕ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು ಕೂತಳು.

ನಸೀಮಾ ಎರಡು ಬಳೆಗಳನ್ನೂ ಅಕ್ಕಪಕ್ಕ ತೂಗುಬಿಟ್ಟರು. ಬಿಗಿಯುವ ಔಷಧಕ್ಕೆ ಗೆರೆಗಳು ಏರಿದವು. ಸಡಿಲಿಸುವ ಔಷಧ ಬಿತ್ತು. ತುಳಜಕ್ಕನ ಗೆರೆ ನಿನ್ನೆಯಂತೆ ನಿಂತಲ್ಲೇ ನಿಂತಿತು. ನನ್ನ ಗೆರೆಯ ತುದಿಯಲ್ಲಿ ಕಡ್ಡಿ ಒಮ್ಮೆ ನಡುಗಿ, ನೆಟ್ಟಗೆ ಮುಂದೆ ಹೋಯಿತು. ಔಷಧ ಕಡಿಮೆಯಾಯಿತೇನೋ ಎಂದು ನಸೀಮಾ ಇನ್ನಷ್ಟು ಹಾಕಿದರು. ಕಾಗದ ತಿರುಗುತ್ತಿತ್ತು. ಎರಡು ಗೆರೆಗಳು ರೈಲಿನ ಹಳಿಯಂತೆ ಒಂದರ ಪಕ್ಕ ಒಂದು ಸಾಗಿದವು. ಮೂರನೆಯ ಔಷಧಕ್ಕೆ ಎರಡೂ ಇಳಿದವು. ಯಂತ್ರದಲ್ಲಾಗಲಿ ಮಾಂಸದಲ್ಲಾಗಲಿ ದೋಷವಿರಲಿಲ್ಲ.

"ನೋಡ್ರಿ ಅಜ್ಜಾರ. ಜೋಡಿ ಆಡು ಅಂದ್ರ ಹಿಂಗ ಇರ್ತಾವ. ಸಂತಿ ಆಡು ಬ್ಯಾರೆ" ಎಂದ ಮುರಿಗೆಪ್ಪ. ಅವನ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ, ನಿಜಕ್ಕೂ ಹಾಗೆಂದೇ ನಂಬಿದ್ದ.

"ಹಂಗ ಇರಬಹುದು," ನಸೀಮಾ ಹೇಳಿದರು. "ಇಲ್ಲಾಂದ್ರ ಶ್ರೀಪತಿಯವರಿಗೂ..." ಮಾತು ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

ಬಸಲಿಂಗಯ್ಯನವರಿಗೆ ಅರ್ಥವಾಯಿತು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದರು. "ಪೇಪರಿನವರ, ನಿಮ್ಮನ್ನ ಕೇಳತೀನಿ. ಯಾವಾಗರ ಯಾರರ ನಿಮಗ ನೋವು ಮಾಡ್ಯಾರೇನು? ಹಳೇದಾಗಿರಲಿ, ಅಡ್ಡಿ ಇಲ್ಲ. ಹೌದು ಅಂದ್ರ ಈ ಬಳಿ ಸುಳ್ಳ ಹೇಳವಲ್ದು ಅಂತ ಆತು. ಆಗ ಈಕಿ ದೂರು ಉಳೀತೈತಿ. ಇಲ್ಲ ಅಂದ್ರ ಜೋಡಿ ಆಡಿನ ಗುಣಾನ ಹಿಂಗ ಅಂತ ಬರಕೋಬೇಕಾಗತೈತಿ. ಯಾರು, ಏನು, ಯಾವಾಗ, ಅಷ್ಟ ಹೇಳ್ರಿ."

ಯಾರು, ಏನು, ಯಾವಾಗ. ನಾನು ದಿನವೂ ಬೇರೆಯವರನ್ನು ಕೇಳುವ ಪ್ರಶ್ನೆಗಳವು. ಹುಡುಕಿದೆ. ನಾನು ಪರೀಕ್ಷೆಯಲ್ಲಿ ಫೇಲಾದ ವರ್ಷ ತಂದೆ ನನ್ನ ಜೊತೆ ಮಾತಾಡಿರಲಿಲ್ಲ. ಹೊಡೆದಿರಲಿಲ್ಲ, ಬೈದಿರಲಿಲ್ಲ. ತಾಟು ಎಳೆದುಕೊಳ್ಳುವಾಗ ನಾನಿರುವ ಕಡೆ ನೋಡುತ್ತಿರಲಿಲ್ಲ, ಅಷ್ಟೇ. ಹೆಂಡತಿ ವಿಮಲಾ ಒಂದು ಮಧ್ಯಾಹ್ನ ತನ್ನ ಅಕ್ಕನ ಮನೆಗೆ ಹೋಗಿ ಬರುತ್ತೇನೆಂದು ಹೋದವಳು ಅಲ್ಲೇ ಉಳಿದಳು. ನಮ್ಮಲ್ಲಿ ಜಗಳವಾಗಿರಲಿಲ್ಲ, ನಾನು ಕರೆಯಲು ಹೋಗಲಿಲ್ಲ, ಅವಳು ಬರಲಿಲ್ಲ. ಇವುಗಳಲ್ಲಿ ಯಾವುದನ್ನು ನೋವು ಎಂದು ಬರೆಯುವುದು? ಯಾರು ಮಾಡಿದರು ಎಂದು ಬರೆಯುವುದು? ಯಾರಾದರೂ ಇಂಥ ವರದಿಯನ್ನು ನನ್ನ ಮೇಜಿಗೆ ತಂದಿದ್ದರೆ ನಾನೇ ಹಿಂದಕ್ಕೆ ಕೊಡುತ್ತಿದ್ದೆ. ಸುಳ್ಳು ಹೇಳಬಹುದಿತ್ತು. ಆದರೆ ಅದು ಸುಳ್ಳೋ ನಿಜವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೌದೆಂದು ಹೇಳಿ ನನಗೆ ರೂಢಿಯಿಲ್ಲ. ತುಳಜಕ್ಕ ನನ್ನನ್ನೇ ನೋಡುತ್ತಿದ್ದಳು.

"ಇಲ್ರಿ" ಎಂದೆ.

"ಯಾರೂ ಇಲ್ಲ?"

"ಯಾರೂ ಇಲ್ರಿ."

ನಸೀಮಾ ಇನ್ನೊಂದೇ ಒಂದು ಆಡು ಕೊಡಿರಿ ಎಂದು ಸಭೆಗೆ ಕೈಮುಗಿದರು. ಅಷ್ಟರಲ್ಲಿ ಜನ ಏಳತೊಡಗಿದ್ದರು. ಕೆಲವರು ಅವಸರದಿಂದ ಹೊರಗೆ ಹೋಗಿ ತಮ್ಮ ಹಿತ್ತಿಲ ಕಡೆಗೇ ನಡೆದರು. ಪಂಚರು ದೂರನ್ನು ತಳ್ಳಿಹಾಕಿದರು. ಬಳೆಯ ಪರೀಕ್ಷೆ ಜೋಡಿ ಆಡುಗಳಿಗೆ ಹೊಂದುವುದಿಲ್ಲ, ಇನ್ನು ಮುಂದೆ ಯಾರೂ ಅದನ್ನು ಕೇಳತಕ್ಕದ್ದಲ್ಲ ಎಂದು ನಿಯಮಕ್ಕೆ ಒಂದು ಸಾಲು ಸೇರಿತು. ಎರಡು ಆಡುಗಳನ್ನೂ ಅಳತೆಮನೆಯ ಹಿಂದೆ ಒಂದೇ ಗುಂಡಿಯಲ್ಲಿ ಹಾಕಿದರು. ನೀಲಿ ಮಾಂಸವನ್ನು ಯಾರೂ ತಿನ್ನುವುದಿಲ್ಲ.

ವರದಿಯನ್ನು ವಾಮನರಾಯರೇ ಬರೆದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಮುಂದಿನ ವಾರ ಖಾನಾವಳಿಯ ಒಲೆ ಕಿತ್ತರು. ಅದರ ಇಟ್ಟಿಗೆಗಳನ್ನು ಬಾಗಿಲ ಮುಂದಿನ ಕೆಸರಿಗೆ ಹಾಕಿದ್ದರಿಂದ ಉಣ್ಣಲು ಹೋಗುವವರಿಗೆ ಅನುಕೂಲವಾಯಿತು. ಗ್ಯಾಸಿನ ಒಲೆಯ ರೊಟ್ಟಿ ಚೆನ್ನಾಗಿಯೇ ಇದೆ ಎಂದು ಮಾನಪ್ಪ ಹೇಳಿದ, ಆದರೆ ನನ್ನ ಮುಖ ನೋಡಿ ಹೇಳಲಿಲ್ಲ. ಬೇಳೆ ತರಲು ಹೋದಾಗ ಅಂಗಡಿಯವನು ನನ್ನೆದುರೇ ತಕ್ಕಡಿಯನ್ನು ಬೆರಳಿನಿಂದ ಒತ್ತಿದ. ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ನಾನು ಚೀಲ ಹಿಡಿದೆ.

ತುಳಜಕ್ಕ ಹೊರಟ ದಿನ ಬಸ್ ನಿಲ್ದಾಣಕ್ಕೆ ಹೋದೆ. ಅವಳ ಹತ್ತಿರ ಒಂದು ಟ್ರಂಕು, ರೊಟ್ಟಿ ಬಡಿಯುವ ಕಟ್ಟಿಗೆಯ ಹಲಗೆ ಇದ್ದವು. ಬೀಳ್ಕೊಡಲು ಬೇರೆ ಯಾರೂ ಬಂದಿರಲಿಲ್ಲ. ಕಂಡಕ್ಟರು ಅವಳ ಟ್ರಂಕನ್ನು ಕಾಲಿನಿಂದ ಹಿಂದಿನ ಸೀಟಿನತ್ತ ತಳ್ಳಿದ. ಸುದ್ದಿ ಅವನಿಗೂ ತಲುಪಿತ್ತು. ಅವಳು ಕಿಟಕಿಯ ಪಕ್ಕ ಕೂತು ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಕೆಳಗೆ ನಿಂತಿದ್ದೆ. ಕ್ಷಮಿಸಿ ಎನ್ನಬೇಕೆಂದುಕೊಂಡರೂ ಯಾವುದಕ್ಕೆ ಎಂದು ಹೇಳಲು ಆಗಲಿಲ್ಲ.

"ಒಂದು ಕೇಳ್ಲೇನು ತಮ್ಮಾ?"

"ಕೇಳ್ರಿ ಅಕ್ಕಾರ."

"ಅಲ್ಲಿ ಮಂದ್ಯಾಗ ಹೇಳಾಕ ಆಗಲಿಲ್ಲ, ಇರಲಿ. ಈಗ ಇಲ್ಲಿ ಯಾರೂ ಇಲ್ಲ. ನಿನಗ ಯಾರು ಏನ್ ಮಾಡಿದ್ರೊ?"

"ಯಾರೂ ಏನೂ ಮಾಡಿಲ್ರಿ ಅಕ್ಕಾರ. ಖರೇನ ಹೇಳ್ತೀನಿ."

ಬಸ್ಸು ಗುರ್ರೆಂದಿತು. ತುಳಜಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತಲೆಯ ಮೇಲೊಮ್ಮೆ ಇಟ್ಟಳು, ಜ್ವರ ಇದೆಯೇ ಎಂದು ನೋಡುವವರ ಹಾಗೆ.

"ನಾನೂ ಮೂವತ್ತು ವರ್ಷ ಹಂಗ ಹೇಳ್ಕೊಂತ ಬಂದೆ" ಎಂದಳು.